ಗಣಿತದ ಪ್ರಾಜೆಕ್ಟ್: ಪ್ರಶ್ನೆ ಹಿಡಿಯುವುದರಿಂದ ಬೈಂಡಿಂಗ್‌ವರೆಗೆ

ರಸಾಯನಶಾಸ್ತ್ರದ ಹುಡುಗರು ತುಂಗೆಯ ನೀರನ್ನು ಬಾಟಲಿಗೆ ತುಂಬಿಕೊಂಡು ಲ್ಯಾಬಿಗೆ ಹೋಗುತ್ತಾರೆ. ಸಸ್ಯಶಾಸ್ತ್ರದವರಿಗೆ ಆಗುಂಬೆಯ ಕಾಡು ಇದೆ. ಗಣಿತ ತೆಗೆದುಕೊಂಡವರು ಮಾತ್ರ ಪ್ರಾಜೆಕ್ಟ್ ಎಂದ ಕೂಡಲೇ ಕೈಕಟ್ಟಿ ಕೂರುತ್ತಾರೆ. 'ಗಣಿತದಲ್ಲಿ ನಾವು ಮಾಡೋಕೆ ಏನಿದೆ ಸರ್? ಎಲ್ಲಾ ಪುಸ್ತಕದಲ್ಲೇ ಇದೆಯಲ್ಲ' ಎಂಬ ಮಾತು ಶಿವಮೊಗ್ಗದ ಕಾಲೇಜುಗಳಲ್ಲೂ ಭದ್ರಾವತಿಯ ಹೈಸ್ಕೂಲುಗಳಲ್ಲೂ ಒಂದೇ ದನಿಯಲ್ಲಿ ಕೇಳುತ್ತದೆ. ಹಾಗಾಗಿ ಶಾಲೆಯಲ್ಲಿ ಗಣಿತದ ಪ್ರಾಜೆಕ್ಟ್ ಎಂದರೆ ರಾಮಾನುಜನ್ ಅವರ ಜೀವನಚರಿತ್ರೆ, ಥರ್ಮಾಕೋಲಿನ ಮೇಲೆ ಪೈಥಾಗೊರಸ್ ಪ್ರಮೇಯ. ಎಂ.ಎಸ್ಸಿ.ಯಲ್ಲಿ ಅದು ನಲವತ್ತು ಪುಟ ವ್ಯಾಖ್ಯೆಗಳು, ಚಿನ್ನದ ಬಣ್ಣದ ಅಕ್ಷರ ಒತ್ತಿದ ರಟ್ಟು. ಎರಡರಲ್ಲೂ ವಿದ್ಯಾರ್ಥಿ ತಾನಾಗಿ ಹಾಕಿದ ಒಂದು ಲೆಕ್ಕವೂ ಇರುವುದಿಲ್ಲ.

ಅಗತ್ಯವಂತೂ ಹೆಚ್ಚುತ್ತಲೇ ಇದೆ. ಪ್ರಾಯೋಗಿಕ ಪರೀಕ್ಷೆ ಇಲ್ಲದ ಪಿಯು ವಿಷಯಗಳಿಗೆ 2023-24ರಿಂದ 20 ಅಂಕಗಳ ಆಂತರಿಕ ಮೌಲ್ಯಮಾಪನ ಬಂದಿದೆ; ಗಣಿತವೂ ಅದರಲ್ಲಿ ಸೇರಿದೆ. ಹತ್ತರಿಂದ ಹದಿನೇಳು ವರ್ಷದ ಮಕ್ಕಳಿಗೆ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಗಣಿತ ಓದುವವರಿಗೆ ಡಿಫರೆನ್ಷಿಯಲ್ ಜ್ಯಾಮಿತಿ, ದ್ರವ ಚಲನಶಾಸ್ತ್ರಗಳಲ್ಲಿ ನಡೆಯುವ ಸಂಶೋಧನೆ ಕಣ್ಣೆದುರೇ ಇದೆ. ಮೂರೂ ಹಂತದವರಿಗೆ ನಾನು ಹೇಳುವುದು ಒಂದೇ ಮಾತು: ವಿಷಯ ಕೇಳಿಕೊಂಡು ಗೈಡ್ ಹತ್ತಿರ ಹೋಗಬೇಡಿ, ಪ್ರಶ್ನೆ ಹಿಡಿದುಕೊಂಡು ಹೋಗಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ದುರ್ಗಿಗುಡಿಯ ಕಸದ ಗಾಡಿ

'ಗ್ರಾಫ್ ಸಿದ್ಧಾಂತದ ಅನ್ವಯಗಳು' ಒಂದು ವಿಷಯ. ಅದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. 'ಶಿವಮೊಗ್ಗದ ದುರ್ಗಿಗುಡಿಯ ಎಲ್ಲ ಅಡ್ಡರಸ್ತೆಗಳನ್ನೂ ಒಮ್ಮೆಯಾದರೂ ಹಾದು, ಹೊರಟ ಜಾಗಕ್ಕೇ ಮರಳಲು ಕಸದ ಗಾಡಿ ಕನಿಷ್ಠ ಎಷ್ಟು ದೂರ ಓಡಬೇಕು?' ಎಂಬುದು ಪ್ರಶ್ನೆ. ಇವತ್ತು ಸಂಜೆಯೇ ಪೆನ್ಸಿಲ್ ಹಿಡಿದು ಶುರು ಮಾಡಬಹುದು, ಯಾವಾಗ ಮುಗಿಯಿತೆಂದು ತಿಳಿಯುತ್ತದೆ, ಪಕ್ಕದ ಬೆಂಚಿನ ಗೆಳೆಯನಿಗೆ ಒಂದು ನಿಮಿಷದಲ್ಲಿ ಹೇಳಲೂ ಬರುತ್ತದೆ. ಒಳ್ಳೆಯ ಪ್ರಶ್ನೆಗೆ ಈ ಮೂರು ಲಕ್ಷಣ ಸಾಕು.

ಇದರ ಹಿಂದಿನ ಗಣಿತ ಹಳೆಯದು. ಒಂದೂ ರಸ್ತೆಯನ್ನು ಎರಡು ಸಲ ತುಳಿಯದೆ ಎಲ್ಲವನ್ನೂ ಸುತ್ತಿ ಹೊರಟಲ್ಲಿಗೇ ಬರಬೇಕಾದರೆ ಪ್ರತಿ ಕೂಡುದಾರಿಯಲ್ಲೂ ಸೇರುವ ರಸ್ತೆಗಳ ಸಂಖ್ಯೆ ಸಮವಾಗಿರಬೇಕು. 1736ರಲ್ಲಿ ಆಯ್ಲರ್ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಲೆಕ್ಕದಲ್ಲಿ ಕಂಡದ್ದು ಇದರ ಮೂಲ. ನಮ್ಮ ಊರಿನಲ್ಲಿ ಮೂರು ರಸ್ತೆ ಸೇರುವ ಮೂಲೆಗಳೇ ಹೆಚ್ಚು. ಆದ್ದರಿಂದ ಕೆಲವು ರಸ್ತೆಗಳನ್ನು ಗಾಡಿ ಎರಡು ಸಲ ತುಳಿಯಲೇಬೇಕು. ಯಾವುವನ್ನು ತುಳಿದರೆ ನಷ್ಟ ಕಡಿಮೆ ಎಂಬುದನ್ನು ಚೀನಾದ ಕ್ವಾನ್ ಮೇಕೊ 1960ರಲ್ಲಿ ಅಂಚೆಯವನ ಲೆಕ್ಕವಾಗಿ ಎತ್ತಿಕೊಂಡರು. ಬೆಸ ಮೂಲೆಗಳನ್ನು ಎರಡೆರಡಾಗಿ ಜೋಡಿಸಿ, ಜೋಡಿಗಳ ನಡುವಿನ ಒಟ್ಟು ದೂರ ಕನಿಷ್ಠವಾಗುವಂತೆ ಮಾಡಬೇಕು. ಹತ್ತು ಬೆಸ ಮೂಲೆಗಳಿದ್ದರೆ ಜೋಡಿಸುವ ಬಗೆಗಳು 9×7×5×3×1, ಅಂದರೆ 945. ಎಲ್ಲವನ್ನೂ ಕೈಯಲ್ಲಿ ಪರೀಕ್ಷಿಸುವುದು ಕಷ್ಟ, ಆದರೆ ಹೆಚ್ಚಿನವನ್ನು ನೋಡಿದೊಡನೆ ಬಿಟ್ಟುಬಿಡಬಹುದು. ಏಕೆ ಬಿಟ್ಟಿರೆಂದು ಬರೆಯುವುದರಲ್ಲಿ ಗಣಿತವಿದೆ. ಇಡೀ ಶಿವಮೊಗ್ಗ ನಗರವನ್ನು ತೆಗೆದುಕೊಳ್ಳಬೇಡಿ. ಒಂದು ಬಡಾವಣೆ, ನೀವೇ ನಡೆದು ಅಳೆದದ್ದು, ಅಷ್ಟೇ ಸಾಕು.

ಪತ್ರಿಕೆಯ ಮೂಲೆಯಲ್ಲೊಂದು ಕಲನಶಾಸ್ತ್ರ

ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯ ಪತ್ರಿಕೆಗಳು ದಿನವೂ ಭದ್ರಾ ಜಲಾಶಯದ ಮಟ್ಟ ಕೊಡುತ್ತವೆ: ಗರಿಷ್ಠ 186 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಭದ್ರಾವತಿಯ ಮನೆಗಳಲ್ಲಿ ಬೆಳಗಿನ ಕಾಫಿಯ ಜೊತೆ ಓದುವ ಈ ನಾಲ್ಕು ಅಂಕಿಗಳಲ್ಲಿ ಪಿಯು ಅಥವಾ ಡಿಗ್ರಿ ವಿದ್ಯಾರ್ಥಿಗೆ ಪೂರ್ತಿ ಒಂದು ಪ್ರಾಜೆಕ್ಟ್ ಇದೆ.

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ ಸುಮಾರು 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದು ಬಂದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರು. ಈಗ ಒಂದು ದಿನ ಒಳಹರಿವಿನಲ್ಲಿ ಹೊರಹರಿವು ಕಳೆದು 20,000 ಕ್ಯೂಸೆಕ್ ಉಳಿಯಿತು, ಮಟ್ಟ 2 ಅಡಿ ಏರಿತು ಎಂದಿಟ್ಟುಕೊಳ್ಳಿ. ಸೇರಿದ ನೀರು 172.8 ಕೋಟಿ ಘನ ಅಡಿ. ಅದನ್ನು 2ರಿಂದ ಭಾಗಿಸಿದರೆ 86.4 ಕೋಟಿ ಚದರ ಅಡಿ, ಅಂದರೆ ಸುಮಾರು 80 ಚದರ ಕಿಲೋಮೀಟರ್. ಅದು ಆ ಮಟ್ಟದಲ್ಲಿ ನೀರು ಹರಡಿಕೊಂಡಿರುವ ವಿಸ್ತಾರ. ದೋಣಿಯನ್ನೂ ಹತ್ತದೆ, ನಕ್ಷೆಯನ್ನೂ ನೋಡದೆ ಜಲಾಶಯದ ಮೇಲ್ಮೈಯನ್ನು ಅಳೆದಂತಾಯಿತು. ತರಗತಿಯಲ್ಲಿ ಗಾತ್ರವನ್ನು ಎತ್ತರದ ಮೇಲೆ ಅವಕಲಿಸಿದರೆ ವಿಸ್ತೀರ್ಣ ಬರುತ್ತದೆ ಎಂದು ಓದಿದ್ದು ಇದನ್ನೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವೂ ಅಂಕಿ ಬರೆದುಕೊಂಡರೆ ಬೇರೆ ಬೇರೆ ಮಟ್ಟಕ್ಕೆ ವಿಸ್ತೀರ್ಣ ಸಿಗುತ್ತದೆ. ಅವನ್ನು ಗ್ರಾಫ್ ಹಾಳೆಯ ಮೇಲೆ ಇಟ್ಟು, ಎತ್ತರ ಹೆಚ್ಚಿದಂತೆ ವಿಸ್ತೀರ್ಣ ಯಾವ ನಿಯಮದಂತೆ ಬೆಳೆಯುತ್ತದೆಂದು ಕೇಳಬಹುದು. ನೇರ ಗೆರೆಯೇ, ಎತ್ತರದ ವರ್ಗವೇ, ನಡುವಿನದೇ? ಕಣಿವೆಯ ಆಕಾರ ಆ ಉತ್ತರದೊಳಗೆ ಅಡಗಿದೆ. ಇಳಿಜಾರು ಒಂದೇ ಸಮನಾಗಿರುವ ಶಂಕುವಿನಂಥ ಕಣಿವೆಯಾದರೆ ವಿಸ್ತೀರ್ಣ ಎತ್ತರದ ವರ್ಗದಂತೆ ಬೆಳೆಯಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಹಿಡಿದವರ ಪ್ರಾಜೆಕ್ಟ್ ಬೇರೆಯೇ ಮಟ್ಟಕ್ಕೆ ಹೋಗುತ್ತದೆ. ಹಲವು ಜಲಾಶಯಗಳಲ್ಲಿ ಒಳಹರಿವನ್ನು ನೇರವಾಗಿ ಅಳೆಯುವುದಿಲ್ಲ. ಮಟ್ಟ ಎಷ್ಟು ಏರಿತೆಂದು ನೋಡಿ, ಮಟ್ಟಕ್ಕೂ ಸಂಗ್ರಹಕ್ಕೂ ಇರುವ ಕೋಷ್ಟಕ ಬಳಸಿ, ಹೊರಬಿಟ್ಟದ್ದನ್ನು ಸೇರಿಸಿ ಒಳಹರಿವನ್ನು ಲೆಕ್ಕ ಹಾಕುತ್ತಾರೆ. ಹಾಗಿದ್ದಲ್ಲಿ ನೀವು ಕಂಡುಹಿಡಿದ ವಿಸ್ತೀರ್ಣ ಜಲಾಶಯದ್ದಾಗಿರದೆ, ಇಲಾಖೆಯ ಕೋಷ್ಟಕದ್ದಾಗಿರುತ್ತದೆ. ಹೂಳು ತುಂಬಿ ನಿಜವಾದ ಆಕಾರ ಬದಲಾಗಿದ್ದರೂ ನಿಮ್ಮ ಲೆಕ್ಕಕ್ಕೆ ಅದು ಕಾಣುವುದಿಲ್ಲ. ಭದ್ರಾ ಜಲಾಶಯದ ಬಳಿಯ ಬಿ.ಆರ್. ಪ್ರಾಜೆಕ್ಟ್‌ನ ಎಂಜಿನಿಯರ್‌ಗಳನ್ನು ಭೇಟಿಯಾಗಿ 'ಒಳಹರಿವನ್ನು ಹೇಗೆ ಲೆಕ್ಕ ಹಾಕುತ್ತೀರಿ?' ಎಂದು ಮೊದಲೇ ಕೇಳಿ. ಕಾಲೇಜಿನಿಂದ ಪತ್ರ ಒಯ್ಯಿರಿ. ಅಂಕಿ ಎಲ್ಲಿಂದ ಹುಟ್ಟಿತೆಂದು ಕೇಳುವ ಅಭ್ಯಾಸ ಯಾವ ದತ್ತಾಂಶದ ಪ್ರಾಜೆಕ್ಟಿಗೂ ಮೊದಲ ಹೆಜ್ಜೆ. ಶಿವಮೊಗ್ಗದ ಎಪಿಎಂಸಿಯಲ್ಲಿ ದಿನವೂ ಹೊರಡುವ ರಾಶಿ, ಬೆಟ್ಟೆ, ಗೊರಬಲು, ಸರಕು ಅಡಿಕೆ ಧಾರಣೆಯ ಮೇಲೆ ಕೆಲಸ ಮಾಡುವವರಿಗೂ ಇದೇ ಮಾತು: ಕನಿಷ್ಠ, ಗರಿಷ್ಠದ ನಡುವಿನ 'ಮಾದರಿ ಬೆಲೆ'ಯನ್ನು ಯಾರು, ಹೇಗೆ ನಿಗದಿ ಮಾಡಿದರೆಂದು ತಿಳಿಯದೆ ಸರಾಸರಿ ತೆಗೆಯಬೇಡಿ.

ಸಾಧನೆಯ ರುಚಿ: 495

ದತ್ತಾಂಶ ಎಲ್ಲರಿಗೂ ಒಗ್ಗುವುದಿಲ್ಲ. ಶುದ್ಧ ಗಣಿತ ಬೇಕೆನ್ನುವವರಿಗೆ ನಾನು ಮತ್ತೆ ಮತ್ತೆ ಹೇಳುವ ಉದಾಹರಣೆ ಕಾಪ್ರೇಕರ್ ಅವರದು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. ಯಾವುದೇ ನಾಲ್ಕಂಕಿ ಸಂಖ್ಯೆಯ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದ್ದನ್ನು ಕಳೆದು, ಬಂದ ಉತ್ತರಕ್ಕೂ ಹಾಗೇ ಮಾಡುತ್ತ ಹೋದರೆ ಏಳು ಹೆಜ್ಜೆಯೊಳಗೆ 6174 ಬರುತ್ತದೆಂದು ಅವರು 1949ರಲ್ಲಿ ಪ್ರಕಟಿಸಿದರು. ಅಂಕಿಗಳೆಲ್ಲ ಒಂದೇ ಆಗಿರಬಾರದು, ಅಷ್ಟೇ ಷರತ್ತು. ಮಾರ್ಟಿನ್ ಗಾರ್ಡ್ನರ್ 1975ರಲ್ಲಿ ಇದರ ಬಗ್ಗೆ ಬರೆದ ಮೇಲೆ ಜಗತ್ತಿಗೇ ತಿಳಿಯಿತು. ಶಾಲೆಯ ಮೇಷ್ಟ್ರು, ಒಂದು ಪೆನ್ಸಿಲ್, ಒಂದು ಒಳ್ಳೆಯ ಪ್ರಶ್ನೆ.

6174 ಎಲ್ಲರಿಗೂ ಗೊತ್ತಿರುವುದರಿಂದ ಅದನ್ನೇ ಮತ್ತೆ ಬರೆದರೆ ಪ್ರಾಜೆಕ್ಟ್ ಆಗದು. ಪ್ರಶ್ನೆಯನ್ನು ಚಿಕ್ಕದು ಮಾಡೋಣ: ಮೂರಂಕಿ ಸಂಖ್ಯೆ ತೆಗೆದುಕೊಂಡರೆ? 352 ಹಿಡಿಯಿರಿ. 532−235=297. ಮುಂದೆ 972−279=693. ಮುಂದೆ 963−369=594. ಮುಂದೆ 954−459=495. ಮತ್ತೆ ಮಾಡಿದರೂ 495. ಇನ್ನೆರಡು ಸಂಖ್ಯೆ ಪರೀಕ್ಷಿಸಿ, ಅಲ್ಲಿಗೇ ಬರುತ್ತದೆ. ಒಂಬತ್ತನೇ ತರಗತಿಯ ಮಗು ಇಷ್ಟು ಮಾಡಿದಾಗ ಸಾಮಾನ್ಯವಾಗಿ ಇನ್ನೂರು ಸಂಖ್ಯೆಗಳ ಪಟ್ಟಿ ಮಾಡಲು ಹೊರಡುತ್ತದೆ. ಅಲ್ಲಿ ತಡೆಯಿರಿ. ಬಂದ ಉತ್ತರಗಳನ್ನೇ ನೋಡಲು ಹೇಳಿ: 297, 693, 594, 495. ಎಲ್ಲದರ ನಡುವೆ 9. ಎರಡು ತುದಿಗಳ ಮೊತ್ತವೂ 9. ಯಾಕೆ?

ನಡುವಿನ ಅಂಕಿ ಕಳೆಯುವಾಗ ಹೊಡೆದುಹೋಗುತ್ತದೆ, ಉಳಿಯುವುದು ದೊಡ್ಡ ಅಂಕಿ ಮತ್ತು ಸಣ್ಣ ಅಂಕಿಯ ಅಂತರದ 99 ಪಟ್ಟು. 532ರಲ್ಲಿ ಅಂತರ 3, 99×3=297. ಅಂತರ 1ರಿಂದ 9ರವರೆಗೆ ಮಾತ್ರ ಇರಬಹುದಾದ್ದರಿಂದ ಮೊದಲ ಹೆಜ್ಜೆಯ ನಂತರ ಇರುವುದು ಒಂಬತ್ತೇ ಸಂಖ್ಯೆಗಳು: 099, 198 ಎಂದು ಶುರುವಾಗಿ 891ರವರೆಗೆ. ಆ ಒಂಬತ್ತನ್ನು ಪರೀಕ್ಷಿಸಿದರೆ ಎಲ್ಲ ಮೂರಂಕಿ ಸಂಖ್ಯೆಗಳಿಗೂ ಸಾಧನೆ ಮುಗಿಯಿತು. ಗರಿಷ್ಠ ಆರು ಹೆಜ್ಜೆ. ಇನ್ನೂರು ಸಂಖ್ಯೆಗಳ ಪಟ್ಟಿಗೆ ಸಾಧ್ಯವಾಗದ್ದನ್ನು ಎರಡು ಸಾಲು ಮಾಡಿತು. ಈ ಎರಡು ಸಾಲನ್ನು ತಾನಾಗಿ ಕಂಡ ವಿದ್ಯಾರ್ಥಿಗೆ ಗಣಿತ ಏನೆಂದು ಮತ್ತೆ ಯಾರೂ ಹೇಳಬೇಕಾಗಿಲ್ಲ.

ಪ್ರಾಜೆಕ್ಟ್ ಇಲ್ಲಿಗೆ ನಿಲ್ಲಬೇಕಿಲ್ಲ. ಹತ್ತರ ಬದಲು ಬೇರೆ ಆಧಾರದಲ್ಲಿ ಎಣಿಸಿದರೆ ಏನಾಗುತ್ತದೆ? ಎಂಟರ ಆಧಾರದಲ್ಲಿ ಮಾಡಿ ನೋಡಿ, 374ಕ್ಕೆ ಬಂದು ನಿಲ್ಲುತ್ತದೆ. ಒಂಬತ್ತರ ಆಧಾರದಲ್ಲಿ ನಿಲ್ಲುವುದೇ ಇಲ್ಲ. 385ರಿಂದ 484ಕ್ಕೆ, ಮತ್ತೆ 385ಕ್ಕೆ ತೂಗುತ್ತಿರುತ್ತದೆ. ಆರು, ಏಳು, ಹನ್ನೆರಡು ಪರೀಕ್ಷಿಸಿದ ಮೇಲೆ ಒಂದು ಊಹೆ ಹೊಳೆಯಬೇಕು: ಆಧಾರ ಸಮವಾದರೆ ಒಂದೇ ಸಂಖ್ಯೆ, ಬೆಸವಾದರೆ ಎರಡು ಸಂಖ್ಯೆಗಳ ಸುತ್ತು. ಸಾಧಿಸುವುದು ಹೇಗೆ? ಸಂಖ್ಯೆಗಳನ್ನು ಮರೆತು ಅಂತರಗಳನ್ನು ಮಾತ್ರ ಹಿಂಬಾಲಿಸಿ. ಆಧಾರದಲ್ಲಿ ಹಳೆಯ ಅಂತರ ಕಳೆದರೆ ಒಂದು ಸಂಖ್ಯೆ, ಹಳೆಯ ಅಂತರದಲ್ಲಿ ಒಂದು ಕಳೆದರೆ ಇನ್ನೊಂದು. ಇವೆರಡರಲ್ಲಿ ದೊಡ್ಡದೇ ಹೊಸ ಅಂತರ. ಹತ್ತರ ಆಧಾರದಲ್ಲಿ 1ರಿಂದ 9, ಅಲ್ಲಿಂದ 8, 7, 6, 5. ಐದಕ್ಕೆ ಬಂದರೆ ಹತ್ತರಲ್ಲಿ ಐದು ಕಳೆದು ಮತ್ತೆ ಐದೇ. ಆಧಾರದ ಅರ್ಧ ಪೂರ್ಣಾಂಕವಾಗಿದ್ದರೆ ಅಲ್ಲಿ ನಿಲ್ಲುತ್ತದೆ, ಇಲ್ಲದಿದ್ದರೆ ಅರ್ಧದ ಆಚೀಚೆಯ ಎರಡು ಪೂರ್ಣಾಂಕಗಳ ನಡುವೆ ಓಡಾಡುತ್ತದೆ. ಇಡೀ ಸಾಧನೆ ಒಂದು ಪುಟ.

ಈ ಫಲಿತಾಂಶ ಗಣಿತಲೋಕಕ್ಕೆ ಹೊಸದಲ್ಲ. ಅದರಿಂದ ಪ್ರಾಜೆಕ್ಟಿನ ಬೆಲೆ ಕುಂದದು, ಒಂದು ಷರತ್ತಿನ ಮೇಲೆ: 'ಇದು ಮೊದಲೇ ತಿಳಿದ ಫಲಿತಾಂಶ, ಈ ಸಾಧನೆಯನ್ನು ನಾವು ಸ್ವತಂತ್ರವಾಗಿ ಕಂಡುಕೊಂಡೆವು' ಎಂದು ಬರೆಯಬೇಕು. ಡಿಗ್ರಿಯವರು ಐದಂಕಿಗೆ ಹೋಗಬಹುದು. ಹತ್ತರ ಆಧಾರದಲ್ಲಿ ಅಲ್ಲಿ ಒಂದು ಸಂಖ್ಯೆಯೂ ನಿಲ್ಲುವುದಿಲ್ಲ, ಸುತ್ತುಗಳೇ ಸಿಗುತ್ತವೆ.

ಗೋಡೆ, ಅಂಗಳ, ಗುಡಿ

ಜ್ಯಾಮಿತಿ ಇಷ್ಟಪಡುವವರಿಗೆ ಮಲೆನಾಡಿನಲ್ಲಿ ಬರವಿಲ್ಲ. ನಮ್ಮ ಜಿಲ್ಲೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರದ ಅಂಚುಪಟ್ಟಿಗಳನ್ನು ನೋಡಿ. ಒಂದೇ ಆಕಾರ ಸಾಲಾಗಿ ಮರುಕಳಿಸುತ್ತದೆ. ಹೀಗೆ ಮರುಕಳಿಸುವ ಪಟ್ಟಿಗಳನ್ನು ಸಮ್ಮಿತಿಯ ಪ್ರಕಾರ ವಿಂಗಡಿಸಿದರೆ ಏಳೇ ಬಗೆ ಸಾಧ್ಯ ಎಂಬುದು ಗಣಿತದ ಪ್ರಮೇಯ. ಎಡಬಲ ಕನ್ನಡಿ, ಮೇಲೆ-ಕೆಳಗೆ ಕನ್ನಡಿ, ಅರ್ಧ ಸುತ್ತು ತಿರುಗಿಸುವುದು, ಸರಿದು ಮಗುಚುವುದು, ಇವು ಸೇರುವ ಬಗೆಗಳು ಅಷ್ಟೇ. ಪ್ರಶ್ನೆ: ಹಸೆ ಚಿತ್ತಾರದಲ್ಲಿ ಏಳರಲ್ಲಿ ಎಷ್ಟು ಬಗೆ ಸಿಗುತ್ತವೆ? ಸಿಗದವು ಯಾವುವು, ಯಾಕೆ ಬರೆಯುವುದಿಲ್ಲವೆಂದು ಬರೆಯುವ ಅಮ್ಮಂದಿರು ಏನು ಹೇಳುತ್ತಾರೆ? ಫೋಟೋ ತೆಗೆಯುವ ಮುಂಚೆ ಕೇಳಿ. ಬರೆದವರು ಒಪ್ಪಿದರೆ ಅವರ ಹೆಸರು ನಿಮ್ಮ ವರದಿಯಲ್ಲಿ ಇರಲೇಬೇಕು. ವಿನ್ಯಾಸ ಅವರದು, ವಿಂಗಡಣೆ ಮಾತ್ರ ನಿಮ್ಮದು.

ಅಂಗಳದ ರಂಗೋಲಿ ಐದನೇ ತರಗತಿಯ ಮಗುವಿಗೂ ಎಟುಕುತ್ತದೆ. 1, 3, 5, 7, 5, 3, 1 ಎಂದು ಚುಕ್ಕಿ ಇಟ್ಟರೆ ಒಟ್ಟು 25. ಅದು 4ರ ವರ್ಗ ಮತ್ತು 3ರ ವರ್ಗದ ಮೊತ್ತ. ಎರಡು ಚುಕ್ಕಿಗಳ ನಡುವೆ ಮುಂದಿನ ಸಾಲಿನ ಚುಕ್ಕಿ ಬರುವಂತೆ 4, 5, 6, 7, 6, 5, 4 ಇಟ್ಟರೆ 37. ಎರಡರ ನಿಯಮವನ್ನೂ ಬಣ್ಣದ ಪುಡಿಯಲ್ಲೇ, ಒಂದು ಅಕ್ಷರ ಬೀಜಗಣಿತ ಬಳಸದೆ, ತೋರಿಸಿಕೊಡಬಹುದು.

ಭದ್ರಾವತಿಯವರಿಗೆ ಊರೊಳಗೇ ಹದಿಮೂರನೇ ಶತಮಾನದ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನವಿದೆ. ನಕ್ಷತ್ರಾಕಾರದ ತಳವಿನ್ಯಾಸವನ್ನು ಒಂದು ಚೌಕವನ್ನು ನಡುಬಿಂದುವಿನ ಸುತ್ತ ಸಮನಾಗಿ ತಿರುಗಿಸುತ್ತ ಹೋಗಿ ಪಡೆಯಬಹುದು. ಹಾಗೆ ಪಡೆದ ನಕ್ಷತ್ರದಲ್ಲಿ ಚಾಚಿದ ಮೂಲೆಗಳೆಲ್ಲ 90 ಡಿಗ್ರಿ. ಎರಡು ಮೂಲೆಗಳ ನಡುವಿನ ತಗ್ಗಿನಲ್ಲಿ ಹೊರಗಿನಿಂದ ಅಳೆದ ಕೋನ 90ಕ್ಕೆ ತಿರುಗಿಸಿದ ಕೋನ ಸೇರಿಸಿದಷ್ಟು. ಎರಡು ಚೌಕಗಳ ನಕ್ಷತ್ರಕ್ಕೆ 135, ನಾಲ್ಕು ಚೌಕಗಳದ್ದಕ್ಕೆ 112.5 ಡಿಗ್ರಿ. ಅಳೆದು ನೋಡಿ, ಶಿಲ್ಪಿ ಎಷ್ಟು ಚೌಕ ತಿರುಗಿಸಿದನೆಂದು ಹೇಳಿ. ಕಲ್ಲಿನ ಮೇಲೆ ಸೀಮೆಸುಣ್ಣದ ಗುರುತು ಮಾತ್ರ ಹಾಕಬೇಡಿ.

ಹುಡುಕುವುದು, ಎಣಿಸುವುದು, ನಂಬದಿರುವುದು

ಪ್ರಶ್ನೆ ಸಿಕ್ಕ ಮೇಲೆ ಮೊದಲ ಎರಡು ವಾರ ಏನನ್ನೂ ಓದಬೇಡಿ, ಸಣ್ಣ ಉದಾಹರಣೆಗಳನ್ನು ಕೈಯಲ್ಲಿ ಮಾಡಿ. ಆಮೇಲೆ ಹುಡುಕಿ. ಮೊದಲೇ ಹುಡುಕಿದರೆ ಬೇರೆಯವರ ದಾರಿ ಕಣ್ಣಿಗೆ ಕಟ್ಟಿಬಿಡುತ್ತದೆ. ಸಂಖ್ಯೆಗಳ ಸಾಲು ಸಿಕ್ಕಿದ್ದರೆ ನೀಲ್ ಸ್ಲೋನ್ 1964ರಲ್ಲಿ ಆರಂಭಿಸಿದ ಪೂರ್ಣಾಂಕ ಶ್ರೇಣಿಗಳ ವಿಶ್ವಕೋಶ ಈಗ ಅಂತರ್ಜಾಲದಲ್ಲಿ ಉಚಿತವಾಗಿದೆ. 1, 7, 19, 37 ಎಂದು ಕೊಟ್ಟರೆ ಅದು ಯಾವ ಸಂಖ್ಯೆಗಳೆಂದು ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ತರುತ್ತಿರುವ 'ರೆಸೊನೆನ್ಸ್' ಡಿಗ್ರಿಯವರಿಗೆ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 'ಅಟ್ ರೈಟ್ ಆ್ಯಂಗಲ್ಸ್' ಶಾಲೆಯವರಿಗೆ ಹೇಳಿ ಮಾಡಿಸಿದವು. ಎರಡನ್ನೂ ದುಡ್ಡಿಲ್ಲದೆ ಓದಬಹುದು. ಸ್ನಾತಕೋತ್ತರದವರು ಆರ್‌ಕೈವ್ (ಸಂಶೋಧನಾ ಲೇಖನಗಳಿಗೆ) ಮತ್ತು ಶೋಧಗಂಗಾ (ಪಿಎಚ್.ಡಿ. ಪ್ರಬಂಧಗಳಿಗೆ) ತಾಣಗಳನ್ನು ನೋಡಲಿ.

ಲೆಕ್ಕಕ್ಕೆ ಸ್ಪ್ರೆಡ್‌ಶೀಟ್ ಸಾಕು, ಪೈಥಾನ್ ಬಂದರೆ ಇನ್ನೂ ಒಳ್ಳೆಯದು, ಜ್ಯಾಮಿತಿಗೆ ಜಿಯೋಜೀಬ್ರಾ. ಆದರೆ ಯಂತ್ರ ಕೊಡುವುದು ಸಾಕ್ಷಿ, ಸಾಧನೆಯಲ್ಲ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸಿ ನೋಡಿ. 0ರಿಂದ 39ರವರೆಗೆ ನಲವತ್ತು ಸಲವೂ ಅವಿಭಾಜ್ಯ ಸಂಖ್ಯೆ ಬರುತ್ತದೆ. 40ಕ್ಕೆ 1681 ಬರುತ್ತದೆ, ಅದು 41ರ ವರ್ಗ. ನಲವತ್ತು ಸಲ ಸರಿಯಾದದ್ದು ನಲವತ್ತೊಂದನೇ ಸಲ ಬೀಳಬಹುದು. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳ ಬಗ್ಗೆಯೂ ಇದನ್ನೇ ಹೇಳುತ್ತೇನೆ: ತಪ್ಪು ಸಾಧನೆಯನ್ನೂ ಅವು ಅಷ್ಟೇ ನಯವಾದ ಭಾಷೆಯಲ್ಲಿ ಕೊಡುತ್ತವೆ. ಪ್ರತಿ ಸಾಲನ್ನೂ ನೀವು ಕಾಗದದ ಮೇಲೆ ಮತ್ತೆ ಮಾಡಲಾರಿರಾದರೆ ಅದನ್ನು ವರದಿಯಲ್ಲಿ ಹಾಕಬೇಡಿ.

ಒಂದೇ ಉದ್ದ ನೋಟ್‌ಬುಕ್ ಇಟ್ಟುಕೊಳ್ಳಿ, ಪ್ರತಿ ಪುಟಕ್ಕೆ ದಿನಾಂಕ ಹಾಕಿ, ಕೈಕೊಟ್ಟ ಪ್ರಯತ್ನದ ಪುಟ ಹರಿಯಬೇಡಿ. ವೈವಾದಲ್ಲಿ 'ಈ ದಾರಿ ಯಾಕೆ ಹಿಡಿಯಲಿಲ್ಲ?' ಎಂದು ಕೇಳಿದಾಗ ಉತ್ತರ ಆ ಪುಟದಲ್ಲಿರುತ್ತದೆ.

ಬರವಣಿಗೆ

ಬರವಣಿಗೆಯನ್ನು ಕೊನೆಯ ವಾರಕ್ಕೆ ಇಡುವುದೇ ಹೆಚ್ಚಿನ ಪ್ರಾಜೆಕ್ಟ್‌ಗಳನ್ನು ಕೆಡಿಸುತ್ತದೆ. ಮೂರು ತಿಂಗಳು ಸಿಕ್ಕರೆ ಒಂದು ತಿಂಗಳು ಪೂರ್ತಿ ಬರೆಯಲಿಕ್ಕೆ ಬೇಕು. ಬರೆಯುವಾಗಲೇ ಸಾಧನೆಯ ತೂತು ಕಾಣುವುದು, ತುಂಬಲು ಸಮಯ ಉಳಿದಿರಬೇಕು. ಮೊದಲು ನಡುಭಾಗ ಬರೆಯಿರಿ: ಫಲಿತಾಂಶ ಮತ್ತು ಸಾಧನೆ. ಆಮೇಲೆ ಅದಕ್ಕೆ ಬೇಕಾದ ವ್ಯಾಖ್ಯೆಗಳು, ಬೇಕಾದವು ಮಾತ್ರ. ಮುನ್ನುಡಿ ಅದರ ನಂತರ. ಸಾರಾಂಶ ಎಲ್ಲಕ್ಕಿಂತ ಕೊನೆಗೆ.

ಸಾರಾಂಶದಲ್ಲಿ 'ಕಾಪ್ರೇಕರ್ ಸಂಖ್ಯೆಗಳ ಬಗ್ಗೆ ವಿವರವಾಗಿ ಅಧ್ಯಯನ ಮಾಡಲಾಗಿದೆ' ಎಂದು ಬರೆದರೆ ಓದುವವರಿಗೆ ಏನೂ ತಿಳಿಯಲಿಲ್ಲ. 'ಮೂರಂಕಿ ಸಂಖ್ಯೆಗಳಲ್ಲಿ ಕಾಪ್ರೇಕರ್ ಕ್ರಿಯೆ ಸಮ ಆಧಾರದಲ್ಲಿ ಒಂದೇ ಸಂಖ್ಯೆಗೆ, ಬೆಸ ಆಧಾರದಲ್ಲಿ ಎರಡು ಸಂಖ್ಯೆಗಳ ಸುತ್ತಿಗೆ ತಲುಪುತ್ತದೆಂದು ಸಾಧಿಸಿದ್ದೇವೆ' ಎಂದರೆ ಎಲ್ಲವೂ ತಿಳಿಯಿತು. ಮೊದಲ ವಾಕ್ಯ ತಪ್ಪು ಕೂಡ: ಕಾಪ್ರೇಕರ್ ಸಂಖ್ಯೆ ಎಂದರೆ ಬೇರೆಯೇ. 45ರ ವರ್ಗ 2025; 20ಕ್ಕೆ 25 ಕೂಡಿಸಿದರೆ 45. ಅಂಥವಕ್ಕೆ ಆ ಹೆಸರು. ವ್ಯಾಖ್ಯೆಯನ್ನು ಸರಿಯಾಗಿ ಬರೆಯಿರಿ ಎಂದು ಅಧ್ಯಾಪಕರು ಬೆನ್ನು ಹತ್ತುವುದು ಇದಕ್ಕೇ.

ಸಾಧನೆಯನ್ನು ಚಿಹ್ನೆಗಳ ಸರಪಳಿಯಾಗಿ ಬರೆಯಬೇಡಿ, ವಾಕ್ಯಗಳಲ್ಲಿ ಬರೆಯಿರಿ. 'ಆದ್ದರಿಂದ', 'ಏಕೆಂದರೆ', 'ಹಾಗಲ್ಲವೆಂದು ಭಾವಿಸೋಣ' ಎಂಬ ಪದಗಳೇ ಸಾಧನೆಯ ಬೆನ್ನೆಲುಬು. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದ. ಇಂದಿನ ವಿದ್ಯಾರ್ಥಿ ಒಂದು ಪುಟದ ಸಾಧನೆಯನ್ನು ಕನ್ನಡದಲ್ಲಿ ಬರೆಯಲಾರದೆ ಹೋಗಲು ಕಾರಣವಿಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ, ವಿಭಾಗ ಇಂಗ್ಲಿಷ್ ಕೇಳಿದರೆ ಆಮೇಲೆ ಅದಕ್ಕೆ ಹೋಗಿ. ಅರ್ಥವಾಗದ್ದನ್ನು ತಾಯ್ನುಡಿಯಲ್ಲಿ ಮುಚ್ಚಿಡುವುದು ಕಷ್ಟ. ಒಂದು ಸುಲಭ ಉಪಾಯ: ಚಿಹ್ನೆಗೆ ನೇರವಾಗಿ ವಿಭಕ್ತಿ ಹಚ್ಚದೆ 'ಎಂಬ ಸಂಖ್ಯೆಯನ್ನು', 'ಎಂಬ ಬಿಂದುವಿನಿಂದ' ಎಂದು ನಾಮಪದ ಸೇರಿಸಿದರೆ ಓದು ಸುಗಮವಾಗುತ್ತದೆ.

ನಕಲಿನ ವಿಷಯದಲ್ಲಿ ಸಲುಗೆ ಬೇಡ. ಯುಜಿಸಿ 2018ರಲ್ಲಿ ತಂದ ನಿಯಮದ ಪ್ರಕಾರ ಶೇಕಡಾ 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಕ್ರಮದ ಹಂತಗಳು ಶುರುವಾಗುತ್ತವೆ. ನಿಯಮಕ್ಕಿಂತ ದೊಡ್ಡ ಪ್ರಶ್ನೆಯನ್ನು ಪರೀಕ್ಷಕರು ವೈವಾದಲ್ಲಿ ಕೇಳುತ್ತಾರೆ: 'ಇದರಲ್ಲಿ ನಿಮ್ಮದು ಯಾವುದಮ್ಮಾ?' ಯಾವ ಪುಟ, ಯಾವ ಸಾಲು ಎಂದು ಬೆರಳಿಟ್ಟು ತೋರಿಸುವಂತಿದ್ದರೆ ಇಪ್ಪತ್ತು ಪುಟದ ವರದಿಯೂ ಧಾರಾಳ ಸಾಕು. ಇಬ್ಬರು ಮೂವರು ಸೇರಿ ಮಾಡಿದ್ದರೆ ಯಾರು ಏನು ಮಾಡಿದರೆಂದು ಒಂದು ವಾಕ್ಯ ಬರೆಯಿರಿ.

ಕೊನೆಯ ಪುಟ 'ಉಳಿದ ಪ್ರಶ್ನೆಗಳು'. ಗೊತ್ತಾಗದೆ ಬಿಟ್ಟದ್ದನ್ನು ಅಲ್ಲಿ ನೇರವಾಗಿ ಬರೆಯಿರಿ: 'ನಾಲ್ಕಂಕಿಗೆ ಬೇರೆ ಆಧಾರಗಳಲ್ಲಿ ಏನಾಗುತ್ತದೆಂದು ನಮಗೆ ತಿಳಿಯಲಿಲ್ಲ, 2ರಿಂದ 12ರವರೆಗೆ ಪರೀಕ್ಷಿಸಿದ ಪಟ್ಟಿ ಇಲ್ಲಿದೆ.' ವಿದ್ಯಾರ್ಥಿಗಳು ಇದನ್ನು ಸೋಲೆಂದು ಅಡಗಿಸುತ್ತಾರೆ. ನನ್ನ ಮಟ್ಟಿಗೆ ವರದಿಯಲ್ಲಿ ಮೊದಲು ತಿರುಗಿಸುವ ಪುಟ ಅದು.

ಆ ಪುಟಕ್ಕಾಗಿಯೇ ನಮ್ಮ ಕಾಲೇಜುಗಳ ಗಣಿತ ವಿಭಾಗಗಳಲ್ಲಿ ಒಂದು ಕೋರಿಕೆ. ವೈವಾ ಮುಗಿದ ಮೇಲೆ ಪ್ರಾಜೆಕ್ಟ್ ವರದಿಗಳನ್ನು ಕಟ್ಟಿ ಅಟ್ಟಕ್ಕೆ ಹಾಕಬೇಡಿ. ವರ್ಷಕ್ಕೆ ಒಳ್ಳೆಯ ನಾಲ್ಕೈದು ಆರಿಸಿ ಗ್ರಂಥಾಲಯದ ಕಪಾಟಿನಲ್ಲಿ ಇಡಿ, ಅವುಗಳ ಉಳಿದ ಪ್ರಶ್ನೆಗಳನ್ನು ಜೂನ್‌ನಲ್ಲಿ ವಿಭಾಗದ ನೋಟಿಸ್ ಬೋರ್ಡಿಗೆ ಹಚ್ಚಿ. ಭದ್ರಾವತಿಯ ಸರ್ ಎಂ.ವಿ. ಸರ್ಕಾರಿ ವಿಜ್ಞಾನ ಕಾಲೇಜಿನ ಹುಡುಗಿ ಬಿಟ್ಟ ಪ್ರಶ್ನೆಯನ್ನು ಮರುವರ್ಷ ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನ ಹುಡುಗ ಎತ್ತಿಕೊಳ್ಳಲಿ. ಇದಕ್ಕೆ ಅನುದಾನವೂ ಬೇಡ, ಆದೇಶವೂ ಬೇಡ.